ಚಿಕ್ಕಪ್ಪನ ಪಿಸಿ: ಆಂಟಿವೈರಸ್ ತೆಗೆದ ಮೇಲೆ ಇಲ್ಲಿಯವರೆಗೆ

ಸಾಗರದ ಚಿಕ್ಕಪ್ಪನ ಪಿಸಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದ ಆಂಟಿವೈರಸ್ಸಿನ ಅವಧಿ ಮುಗಿಯಿತು. "ರಿನ್ಯೂ ಮಾಡ್ಸೋದಾ ಬೇಡ್ವಾ, ಸರಿಯಾಗಿ ಹೇಳು ಮಾರಾಯ" ಅಂತ ಫೋನು. ಅಡಿಕೆ ಲೆಕ್ಕ, ಸೊಸೈಟಿ ಪತ್ರ, ಮೊಮ್ಮಕ್ಕಳ ಫೋಟೊ ಎಲ್ಲ ಇರುವುದು ಆ ಒಂದು ಡಬ್ಬದಲ್ಲೇ. ಬಾಯಿಮಾತಲ್ಲಿ ಬೇಡ ಅನ್ನುವ ಬದಲು ತೆಗೆದೇ ನೋಡೋಣ ಅಂತ ಹೊರಟೆ.

ತೆಗೆಯುವುದು: ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ವಿಂಡೋಸಿನದ್ದೇ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ತಾನಾಗಿಯೇ ಎದ್ದು ಕೂತಿತು. 2012ರ ವಿಂಡೋಸ್ 8ರಿಂದಲೇ ಇದು ಒಳಗೆ ಬರುತ್ತದೆ. ಬೇರೆ ಆಂಟಿವೈರಸ್ ಹಾಕಿದರೆ ಪಕ್ಕಕ್ಕೆ ಸರಿಯುತ್ತದೆ. "ಹಂಗಾರೆ ಇಷ್ಟು ವರ್ಷ ಕಟ್ಟಿದ ದುಡ್ಡು?" ಅಂದರು. ನಾನು ಕಾಫಿ ಲೋಟದ ಕಡೆ ನೋಡಿದೆ.

ಪರೀಕ್ಷೆ: ಐಕಾರ್ ಅನ್ನುವ 68 ಅಕ್ಷರಗಳ ಸಾಲೊಂದಿದೆ. ಅಪಾಯವೇನೂ ಇಲ್ಲ, ಆದರೆ ವೈರಸ್ ಅಂತಲೇ ಹಿಡಿಯಬೇಕೆಂದು ಆಂಟಿವೈರಸ್‌ನವರೆಲ್ಲ ಒಪ್ಪಿಕೊಂಡಿದ್ದಾರೆ. ನೋಟ್‌ಪ್ಯಾಡಿಗೆ ಹಾಕಿ ಸೇವ್ ಮಾಡಿದ್ದೇ ತಡ, ಫೈಲ್ ಮಾಯ. ಕಾವಲು ಎಚ್ಚರವಾಗಿದೆ ಅನ್ನುವುದಕ್ಕೆ ಇಷ್ಟು ಸಾಕ್ಷಿ. ಹೊಸ ವೈರಸ್ಸನ್ನು ಹಿಡಿಯುತ್ತದೋ ಇಲ್ಲವೋ ಇದರಿಂದ ತಿಳಿಯದು.

ಪೆನ್‌ಡ್ರೈವ್: ಚಿಕ್ಕಪ್ಪನ ನಿಜವಾದ ಭಯ ಇದೇ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಹಿಂದೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಮೂಲಕ ವೈರಸ್ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಆ ಬಾಗಿಲು ಮುಚ್ಚಿದ ಮೇಲೆ ನಾವೇ ಕ್ಲಿಕ್ ಮಾಡುವಂತೆ ಫೋಲ್ಡರಿನ ವೇಷ ಹಾಕುವುದು ಶುರುವಾಯಿತು. ಡಿಫೆಂಡರ್ ಶಾರ್ಟ್‌ಕಟ್‌ಗಳನ್ನು ಅಳಿಸಿತು, ಮೂಲ ಫೋಲ್ಡರುಗಳು ಮಾತ್ರ ಕಾಣಲಿಲ್ಲ. ಅವು ಹೋಗಿರುವುದಿಲ್ಲ, ಅಡಗಿಸಿಟ್ಟಿರುತ್ತದೆ ಅಷ್ಟೆ. ಕಮಾಂಡ್ ಪ್ರಾಂಪ್ಟಿನಲ್ಲಿ, ಅಡಗಿಸಿದ ಗುರುತು ತೆಗೆಯುವ ಅಟ್ರಿಬ್ ಅನ್ನುವ ಆದೇಶ ಕೊಟ್ಟು ಹೊರಗೆ ತಂದೆ. ಮುಂದೆ ಅಂಗಡಿಗೆ ಪಿಡಿಎಫ್ ಮೇಲ್ ಮಾಡುವುದು ಅಂತಾಯಿತು.

ರಾನ್ಸಮ್‌ವೇರ್: ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್ ಇದು. ಇದನ್ನು ತಡೆಯಲು ಡಿಫೆಂಡರಿನೊಳಗೆ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತ ಒಂದಿದೆ, ನಾವೇ ಆನ್ ಮಾಡಬೇಕು. ಮಾಡಿದೆ. ತಕ್ಷಣ ಅವರ ಹಳೇ ಕನ್ನಡ ಟೈಪಿಂಗ್ ತಂತ್ರಾಂಶ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಸೇವ್ ಮಾಡಲಾರೆ ಅಂದಿತು. ಪರಿಚಯವಿಲ್ಲದ ಪ್ರೋಗ್ರಾಂ ಆ ಫೋಲ್ಡರ್ ಮುಟ್ಟದಂತೆ ತಡೆಯುವುದೇ ಅದರ ಕೆಲಸವಲ್ಲವೇ? ಅನುಮತಿ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು.

ಅಪ್‌ಡೇಟ್: ಕರೆಂಟ್ ಹೋದೀತು ಅಂತ ಮುಂದೂಡುತ್ತಲೇ ಬಂದಿದ್ದಾರೆ. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಇದನ್ನು ನೋಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹಬ್ಬಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚಿನ ಅಪ್‌ಡೇಟಿನಲ್ಲೇ ತೇಪೆ ಬಿಟ್ಟಿತ್ತು. ಯುಪಿಎಸ್ ಬ್ಯಾಟರಿ ಬದಲಾಯಿಸಿ, ಬಾಕಿ ಅಪ್‌ಡೇಟ್ ಎಲ್ಲ ಹಾಕಿ ಮುಗಿಸಿದೆ.

ಪರದೆಯ ಮೂಲೆಯಲ್ಲಿ ಪದೇಪದೇ ಬರುತ್ತಿದ್ದ "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ" ವೈರಸ್ಸೇ ಅಲ್ಲ. ಯಾವುದೋ ಸೈಟಿಗೆ ಬ್ರೌಸರಿನಲ್ಲಿ ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದರು. ತೆಗೆದರೆ ಮುಗಿಯಿತು.

ಅಂತೂ ರಿನ್ಯೂ ಬೇಡ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸುತ್ತಿದ್ದೇವೆ. ಬ್ಯಾಕಪ್ ಆದ ಕೂಡಲೇ ಕಿತ್ತು ಬೀರುವಿನಲ್ಲಿಡಬೇಕು, ಚುಚ್ಚಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಉಳಿದದ್ದು ದಿನದ ಬಳಕೆಗೆ ಅಡ್ಮಿನ್ ಅಲ್ಲದ, ಅಂದರೆ ಪಿಸಿಯ ಪೂರ್ತಿ ಅಧಿಕಾರವಿಲ್ಲದ ಖಾತೆ. ಅಡ್ಮಿನ್ ಪಾಸ್‌ವರ್ಡ್ ಚಿಕ್ಕಮ್ಮನ ಹತ್ತಿರ ಇರಲಿ ಅಂದೆ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ.