ಕಾರ್ಖಾನೆ ಚಿತ್ರಸರಣಿ: ಟ್ಯಾಂಕು ಮುಗಿಯಿತು, ಉಗಿಯ ಕೆಲಸ ಅರ್ಧ

ಕಾರ್ಖಾನೆಗಳ ನಮ್ಮ ಛಾಯಾಚಿತ್ರ ಸರಣಿಯಲ್ಲಿ ಮೂರು ಭಾಗಗಳಿವೆ: ಎತ್ತರದ ನೀರಿನ ಟ್ಯಾಂಕುಗಳು, ಬಿಸಿ ನೀರನ್ನು ತಣಿಸುವ ಕೂಲಿಂಗ್ ಟವರ್‌ಗಳು, ರಾತ್ರಿ ದೀಪಗಳಡಿಯ ಪೈಪುಗಳು. ಮೊದಲ ಭಾಗದ ಚಿತ್ರೀಕರಣ, ಮತ್ತೆ ತೆಗೆಯಬೇಕಾದ ಕೆಲವನ್ನು ಬಿಟ್ಟರೆ, ಮುಗಿದಿದೆ, ಎರಡನೆಯದು ಅರ್ಧಕ್ಕೆ ಬಂದಿದೆ, ಮೂರನೆಯದರಲ್ಲಿ ಬಣ್ಣದ ಪ್ರಶ್ನೆ ಈಗ ಬಗೆಹರಿದಿದೆ.

ಟ್ಯಾಂಕುಗಳಿಗೆ ನಾವು ಹಿಡಿದ ದಾರಿ ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಖರ್ ಎಂಬ ಛಾಯಾಗ್ರಾಹಕ ದಂಪತಿಯದು. 1959ರಲ್ಲಿ ಜೊತೆಯಾಗಿ ಕೆಲಸ ಶುರುಮಾಡಿದ ಇವರು ನೀರಿನ ಗೋಪುರ, ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೆಸ್, ಗ್ಯಾಸ್ ಟ್ಯಾಂಕುಗಳನ್ನು ದಶಕಗಳ ಕಾಲ ಒಂದೇ ಕ್ರಮದಲ್ಲಿ ಚಿತ್ರಿಸಿದರು. ಮೋಡ ಕವಿದ ಬೆಳಕು, ನೇರ ಎದುರು ನೋಟ, ಕಪ್ಪು–ಬಿಳುಪು. ಆಮೇಲೆ ಒಂದೇ ಬಗೆಯವನ್ನು ಸಾಲಾಗಿ ಜೋಡಿಸುವುದು. 1990ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಅವರಿಗೆ ಗೋಲ್ಡನ್ ಲಯನ್ ಪ್ರಶಸ್ತಿ ಸಿಕ್ಕಿದ್ದು ಛಾಯಾಚಿತ್ರಕ್ಕಲ್ಲ, ಶಿಲ್ಪಕಲೆಗೆ. ಅದು ತೀರಾ ನ್ಯಾಯವಾದ ತೀರ್ಮಾನ. ಬೆಳಕೂ ಕೋನವೂ ಒಂದೇ ಆಗಿದ್ದಾಗ ನೋಡುವವರ ಕಣ್ಣು ಆಕಾರದ ಮೇಲೇ ನಿಲ್ಲುತ್ತದೆ. ಕಾಲುಗಳ ಸಂಖ್ಯೆ, ಅಡ್ಡಪಟ್ಟಿಗಳ ಹೆಣಿಗೆ, ಏಣಿಯ ಜಾಗ ಒಂದೊಂದರಲ್ಲೂ ಬೇರೆ ಎಂಬುದು ಆಗಷ್ಟೇ ಕಾಣುತ್ತದೆ.

ಹೆಚ್ಚು ಕಾಡುವುದು ಗೆರೆಗಳು ಮೇಲೆ ಹೋದಂತೆ ಒಳಕ್ಕೆ ವಾಲುವುದು. ಕ್ಯಾಮರಾ ಮೇಲಕ್ಕೆ ತಿರುಗಿದರೆ ಇದು ತಪ್ಪದು. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಚಿತ್ರದ ಮೇಲ್ಭಾಗ ಹಿಗ್ಗಿ ಅಲ್ಲಿನ ವಿವರ ಮೆತ್ತಗಾಗುತ್ತದೆ, ಅಂಚುಗಳೂ ಕತ್ತರಿಸಿಹೋಗುತ್ತವೆ. ಕ್ಯಾಮರಾವನ್ನು ಮಟ್ಟಸವಾಗಿಟ್ಟು ದೂರ ನಿಲ್ಲುವುದೇ ಮೇಲು. ಲೆಕ್ಕ ಸುಲಭ: ಫುಲ್ ಫ್ರೇಮ್ ಕ್ಯಾಮರಾ (36 × 24 ಎಂಎಂ ಸೆನ್ಸರ್), 24 ಎಂಎಂ ಲೆನ್ಸ್, ಫ್ರೇಮ್ ಲಂಬವಾಗಿ. ಆಗ ಕ್ಯಾಮರಾದ ಮಟ್ಟದಿಂದ ಮೇಲೆ ದೂರದ ಮುಕ್ಕಾಲಷ್ಟು ಎತ್ತರ ಹಿಡಿಸುತ್ತದೆ. ಕ್ಯಾಮರಾ ಕಣ್ಣಿನ ಮಟ್ಟದಲ್ಲಿದ್ದರೆ 30 ಮೀಟರ್ ಟ್ಯಾಂಕಿಗೆ 38 ಮೀಟರ್ ದೂರ ಸಾಕು, ಮೇಲೆ ಸ್ವಲ್ಪ ಆಕಾಶ ಬೇಕಾದರೆ 45. ಕೆಳಗಿನ ಅರ್ಧ ಬರೀ ನೆಲ, ಅದನ್ನು ಕತ್ತರಿಸಬೇಕು. 12 ಎಂಎಂ ಜರುಗುವ ಶಿಫ್ಟ್ ಲೆನ್ಸ್ ಇದ್ದರೆ 25 ಮೀಟರ್‌ನಿಂದಲೇ ಆಗುತ್ತದೆ, ನೆಲವೂ ವ್ಯರ್ಥವಾಗುವುದಿಲ್ಲ. ಎದುರಿನ ಕಟ್ಟಡದ ಮಹಡಿಯೋ ಮೇಲ್ಸೇತುವೆಯೋ ಸಿಕ್ಕಿ, ಟ್ಯಾಂಕಿನ ಅರ್ಧ ಎತ್ತರದಲ್ಲಿ ನಿಲ್ಲಲು ಆದರೆ ಯಾವ ಲೆನ್ಸಿನ ಹಂಗೂ ಇಲ್ಲ.

ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100. ಕಿಂಡಿ ಕಿರಿದಾಗಿ ಎಫ್/16 ದಾಟಿದರೆ ಬೆಳಕಿನ ಬಾಗುವಿಕೆಯಿಂದ ಬೋಲ್ಟ್, ರಿವೆಟ್‌ಗಳ ಅಂಚು ಕಳೆಯುತ್ತದೆ. ಇಂಥ ಚಿತ್ರಕ್ಕೆ ಆ ಅಂಚೇ ಜೀವ.

ಕೂಲಿಂಗ್ ಟವರಿನಿಂದ ಏಳುವುದು ಹೊಗೆಯಲ್ಲ, ಆವಿ ತಣಿದು ಆದ ನೀರಿನ ಹನಿಗಳು. ಹಾಗಾಗಿ ಗಾಳಿ ತಂಪಾಗಿ ತೇವದಿಂದಿರುವ ಬೆಳಗಿನ ಜಾವ ಅದು ದಟ್ಟವಾಗಿರುತ್ತದೆ, ಒಣ ಮಧ್ಯಾಹ್ನ ಬಾಯಿಯ ಬಳಿಯೇ ಕರಗುತ್ತದೆ. ಶಟರ್ 1/500 ಸೆಕೆಂಡ್ ಇದ್ದರೆ ಉಗಿ ಕಲ್ಲಾಗುತ್ತದೆ. 4 ಸೆಕೆಂಡಿಗೆ ಆಕಾರವೆಲ್ಲ ಅಳಿದು ಬಿಳಿ ಪಟ್ಟಿ ಉಳಿಯುತ್ತದೆ. ಈವರೆಗಿನ ಫ್ರೇಮ್‌ಗಳಲ್ಲಿ 1/4ರಿಂದ 1/2 ಸೆಕೆಂಡಿನವು ಚೆನ್ನ: ಚಲನೆಯೂ ಕಾಣುತ್ತದೆ, ಸುರುಳಿಯ ಮೈಯೂ ಉಳಿಯುತ್ತದೆ. ಹಗಲಿನಲ್ಲಿ ಅಷ್ಟು ನಿಧಾನಕ್ಕೆ, ಬೆಳಕನ್ನು ತಗ್ಗಿಸುವ (ಒಂದು ಸ್ಟಾಪಿಗೆ ಅರ್ಧದಂತೆ) 6 ಸ್ಟಾಪಿನ ಎನ್‌ಡಿ ಫಿಲ್ಟರ್ ಸಾಕು. 1/125 ಇದ್ದದ್ದು ಅರ್ಧ ಸೆಕೆಂಡಾಗುತ್ತದೆ. 10 ಸ್ಟಾಪಿನದು ಅದನ್ನೇ 8 ಸೆಕೆಂಡಿಗೆ ಎಳೆಯುತ್ತದೆ, ಈ ಕೆಲಸಕ್ಕೆ ಅತಿಯಾಯಿತು. ಬಿಳಿ ಉಗಿ ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಬಡಿದರೆ ವಿವರ ಮರಳಿ ಬರುವುದಿಲ್ಲ. ಎಕ್ಸ್‌ಪೋಶರನ್ನು ಉಗಿಗೆ ಹೊಂದಿಸಿ, ಕಾಂಕ್ರೀಟಿನ ನೆರಳನ್ನು ರಾ ಫೈಲಿನಲ್ಲಿ (ಕ್ಯಾಮರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ಎತ್ತಿಕೊಳ್ಳಬೇಕು.

ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದ ಟವರ್ ಚಿತ್ರಗಳಲ್ಲಿ ಅಂಚು ಅಲೆಯಲೆಯಾಗಿ ಬಂದರೆ ಫೋಕಸನ್ನು ದೂರಬೇಡಿ. ಬಿಸಿ ನೆಲದ ಮೇಲೆ ಕುದಿಯುವ ಗಾಳಿ ಅದು. ಟ್ರೈಪಾಡ್ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ. ಸೂರ್ಯ ಏರುವ ಮುಂಚೆ ಕೆಲಸ ಮುಗಿಸಬೇಕು, ಇಲ್ಲವೇ ಹತ್ತಿರ ಹೋಗಬೇಕು.

ಪೈಪುಗಳಿಗೆ ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತು. ಆಕಾಶಕ್ಕೂ ದೀಪಕ್ಕೂ ಬೆಳಕಿನ ಅಂತರ ಕಡಿಮೆಯಿರುವ ಆ ಸ್ವಲ್ಪ ಸಮಯದಲ್ಲಿ ಒಂದೇ ಎಕ್ಸ್‌ಪೋಶರಿನಲ್ಲಿ ಎರಡೂ ಸಿಗುತ್ತವೆ. ಕತ್ತಲಾದ ಮೇಲೆ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್ ತೆಗೆದು ಸೇರಿಸಬೇಕಾಗುತ್ತದೆ. ಬಣ್ಣದ ತೊಡಕು ಹಳೆಯ ಸೋಡಿಯಂ ದೀಪಗಳಿಂದ. ಕಡಿಮೆ ಒತ್ತಡದ ಸೋಡಿಯಂ ದೀಪ ಬಹುಪಾಲು 589 ನ್ಯಾನೋಮೀಟರ್ ಸುತ್ತಲಿನ ಹಳದಿಯನ್ನಷ್ಟೇ ಚೆಲ್ಲುತ್ತದೆ. ಅದರಡಿ ಕೆಂಪು, ನೀಲಿ ಪೈಪುಗಳ ಬಣ್ಣವೇ ದಾಖಲಾಗದು, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಇಲ್ಲದ್ದು ಬಾರದು. ಅಂಥ ಫ್ರೇಮ್‌ಗಳೆಲ್ಲ ಕಪ್ಪು–ಬಿಳುಪಿಗೆ ಹೋಗಿವೆ. ಹೆಚ್ಚು ಒತ್ತಡದ ಸೋಡಿಯಂ ಮತ್ತು ಎಲ್‌ಇಡಿಯವು ಬಣ್ಣದಲ್ಲೇ ಉಳಿದಿವೆ. ಪೋಲರೈಸರ್ ಎಂಬ ಫಿಲ್ಟರ್, ಬಣ್ಣ ಹಚ್ಚಿದ ಪೈಪಿನ, ಒದ್ದೆ ನೆಲದ ಹೊಳಪನ್ನು ತಗ್ಗಿಸುತ್ತದೆ. ಬರಿಯ ಸ್ಟೀಲಿನ ಹೊಳಪಿನ ಮೇಲೆ ಅದರ ಆಟ ಹೆಚ್ಚು ನಡೆಯದು.

ಆವರಣದೊಳಗೆ ಹೋಗಲು ಲಿಖಿತ ಅನುಮತಿ ಬೇಕೇ ಬೇಕು. ಉರಿಯುವ ಅನಿಲ ಸೋರಬಹುದಾದ ಜಾಗಗಳಿಗೆ ಸಾಮಾನ್ಯ ಕ್ಯಾಮರಾ, ಫ್ಲ್ಯಾಶ್ ಒಯ್ಯುವಂತೆಯೇ ಇಲ್ಲ, ಕಿಡಿಯ ಅಪಾಯವಿದೆ. ಎಂಥ ಸೊಗಸಾದ ಚೌಕಟ್ಟು ಕಂಡರೂ ಇದರಲ್ಲಿ ರಾಜಿಯಿಲ್ಲ.

ಮುಂದಿನ ಕೆಲಸ ಟ್ಯಾಂಕುಗಳ ಮುದ್ರಣ: ಮೂರು ಸಾಲು, ಸಾಲಿಗೆ ಮೂರು, ಒಂದೊಂದೂ 20 × 25 ಸೆಂಟಿಮೀಟರ್. ಇಂಚಿಗೆ 300 ಪಿಕ್ಸೆಲ್‌ನಂತೆ 2362 × 2953 ಬೇಕು. ನಿಜದ ಎತ್ತರ ಏನೇ ಇದ್ದರೂ ಎಲ್ಲ ಟ್ಯಾಂಕುಗಳನ್ನೂ ಚೌಕಟ್ಟಿನಲ್ಲಿ ಒಂದೇ ಅಳತೆಗೆ ತರಲಾಗುತ್ತಿದೆ. ಆಕಾಶದ ಬೂದು ಒಂಬತ್ತರಲ್ಲೂ ಒಂದೇ ಆಗಬೇಕು. ಬಿಸಿಲು ಬಿದ್ದ ಒಂದೇ ಒಂದು ಚಿತ್ರ ಸಾಲಿನಲ್ಲಿ ಸೇರಿದರೂ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥವನ್ನು ತೆಗೆದು, ಮೋಡದ ದಿನ ಹೊಸದಾಗಿ ಚಿತ್ರಿಸಬೇಕಿದೆ.