ರೂಮಿಂಗ್ ಲಿಸ್ಟ್ ಹಿಡಿದು ರೈಶ್‌ಸ್ಟಾಗ್ ಹತ್ತೋಕಾಗಲ್ಲ

ಬರ್ಲಿನ್‌ಗೆ ಬರುವ ನಮ್ಮ ಕಡೆಯ ಗ್ರೂಪ್‌ಗಳ ಐಟಿನರಿಯಲ್ಲಿ ‘ರೈಶ್‌ಸ್ಟಾಗ್ ಗುಮ್ಮಟ, ಪ್ರವೇಶ ಉಚಿತ’ ಅಂತ ಒಂದು ಸಾಲು ಇದ್ದೇ ಇರುತ್ತದೆ. ರೈಶ್‌ಸ್ಟಾಗ್ ಅಂದರೆ ಜರ್ಮನಿಯ ಸಂಸತ್ ಭವನ. ಹತ್ತೋದು ಉಚಿತವಾದರೂ ಎಲ್ಲರ ಹೆಸರನ್ನು ಮೊದಲೇ ನೋಂದಾಯಿಸಬೇಕು. ಉಚಿತ ಅಂದ ತಕ್ಷಣ ಆಪರೇಷನ್ಸ್‌ನವರಿಗೆ ಅದು ಕೊನೆಯ ಕೆಲಸ. ದುಡ್ಡು ಕೊಟ್ಟು ಹತ್ತುವ ಟಿವಿ ಟವರ್‌ನದ್ದು ಇಷ್ಟು ರಗಳೆ ಇಲ್ಲ.

ಕಳೆದ ಸೀಸನ್‌ನಲ್ಲಿ ಒಂದು ಏಜೆನ್ಸಿ ಹೆಸರುಗಳ ಪಟ್ಟಿ ಅಂತ ಕಳಿಸಿದ್ದು ಹೋಟೆಲ್‌ಗೆ ಕೊಡುವ ರೂಮಿಂಗ್ ಲಿಸ್ಟ್. ಅದರಲ್ಲಿ ‘ಮಿಸೆಸ್ ಲತಾ ರಮೇಶ್’. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ‘ಹೇಮಲತಾ’, ಸರ್‌ನೇಮ್ ಜಾಗ ಖಾಲಿ. ಸೆಕ್ಯುರಿಟಿ ಬಾಗಿಲಲ್ಲಿ ಸಿಬ್ಬಂದಿಯ ಪೆನ್ನು ಪಟ್ಟಿಯ ಮೇಲಿಂದ ಕೆಳಗೆ ಹೋಯಿತು, ಮತ್ತೆ ಮೇಲಕ್ಕೆ ಬಂತು, ನಿಂತಿತು. ರಮೇಶ್ ಆಗಲೇ ಒಳಗೆ. ಆಯಮ್ಮ ಆ ಜರ್ಮನ್‌ಗೆ ಅಚ್ಚ ಕನ್ನಡದಲ್ಲಿ, ‘ಲತಾ ನಾನೇ ಕಣಪ್ಪಾ, ಮನೇಲಿ ಎಲ್ಲಾ ಹಂಗೇ ಕರೆಯೋದು’ ಅಂದರು. ಹಿಂದೆ ಕ್ಯೂ ಬೆಳೆಯುತ್ತಿತ್ತು, ನಮಗೆ ಕೊಟ್ಟ ಪ್ರವೇಶದ ಸಮಯ ಮುಗಿಯುತ್ತಿತ್ತು. ಇಂಥದ್ದೇ ತೊಂದರೆಯ ಇನ್ನೂ ಕೆಲವರ ಜೊತೆ ಅವರು ಹೊರಗೇ ಉಳಿದರು.

ಶೈಡಮನ್‌ಸ್ಟ್ರಾಸೆಯ ಸರ್ವಿಸ್ ಸೆಂಟರ್‌ನಲ್ಲಿ ಜಾಗ ಖಾಲಿ ಇದ್ದರೆ ಅಲ್ಲೇ ನೋಂದಾಯಿಸಬಹುದು, ನಿಜ. ಆದರೆ ಕನಿಷ್ಠ ಎರಡು ಗಂಟೆ ಮುಂಚೆ ಮಾಡಿಸಿರಬೇಕು. ಡ್ರೈವರ್‌ನ ಡ್ಯೂಟಿ ಅವರ್ಸ್ ಅಷ್ಟು ಕಾಯುವುದಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬ್ರೇಕ್, ಮೇಲೆ ರಾತ್ರಿಯ ವಿಶ್ರಾಂತಿ. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಂಬ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ.

ಆನ್‌ಲೈನ್ ಬುಕಿಂಗ್‌ಗೆ ಪ್ರತಿಯೊಬ್ಬರ ಸರ್‌ನೇಮ್, ಹೆಸರು, ಹುಟ್ಟಿದ ದಿನಾಂಕ ಬೇಕು. ಹೆಸರನ್ನು ಪಾಸ್‌ಪೋರ್ಟ್ ಸ್ಕ್ಯಾನ್ ನೋಡಿಯೇ ಟೈಪ್ ಮಾಡಬೇಕು. ವಾಟ್ಸಾಪ್ ಹೆಸರೂ ಬೇಡ, ವೋಚರ್ ಹೆಸರೂ ಬೇಡ. ಸರ್‌ನೇಮ್ ಖಾಲಿ ಇದ್ದು ಗಿವನ್ ನೇಮ್‌ನಲ್ಲಿ ಎರಡು ಪದ ಇದ್ದರೆ ನಾವು ಕೊನೆಯದನ್ನು ಸರ್‌ನೇಮ್ ಕಾಲಮ್ಮಿಗೆ ಹಾಕುತ್ತೇವೆ. ಒಂದೇ ಪದ ಇದ್ದರೆ ಎರಡೂ ಕಡೆ ಅದೇ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಗಂಡನ ಹೆಸರನ್ನೋ ಊರಿನ ಇನಿಶಿಯಲ್ಲನ್ನೋ ತಂದು ತುಂಬಿಸಬೇಡಿ.

ದಿನಾಂಕದ ಕಥೆ ಇನ್ನೊಂದು. ಕಂಪ್ಯೂಟರ್ ಅಮೆರಿಕನ್ ಸೆಟ್ಟಿಂಗ್‌ನಲ್ಲಿದ್ದರೆ ಎಕ್ಸೆಲ್ 03-07-1956 ಅನ್ನು ಮಾರ್ಚ್ 7 ಅಂತ ಓದುತ್ತದೆ. ದಿನ 12 ದಾಟಿದವರು ಬಚಾವ್. ಹಾಗಾಗಿ ಪಟ್ಟಿಯ ಅರ್ಧ ಸರಿ, ಅರ್ಧ ತಪ್ಪು, ಮೇಲುನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಹಾಕಿ, ಆಮೇಲೆ ಟೈಪ್ ಮಾಡಿ. ಇನ್ನೊಂದು, ಬುಕಿಂಗ್ ಮನವಿ ಬಂದಿದೆ ಎಂಬ ಮೊದಲ ಇಮೇಲ್, ಪ್ರವೇಶ ಖಚಿತಪಡಿಸುವ ಆಹ್ವಾನವಲ್ಲ. ಸೇಲ್ಸ್‌ನವರು ಅದನ್ನೇ ಪ್ರಿಂಟ್ ತೆಗೆದು ವೋಚರ್ ಕಿಟ್‌ಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ.

ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಜೇಬುಗಳ್ಳರ ಕಾಟ ಅಂತ ‘ಪಾಸ್‌ಪೋರ್ಟ್ ರೂಮಿನ ಲಾಕರ್‌ನಲ್ಲಿಡಿ’ ಎಂದು ಬ್ರೀಫಿಂಗ್ ಕೊಡುವವರು ನಾವೇ. ಗುಮ್ಮಟಕ್ಕೆ ಬೇಕಾಗಿರುವುದು ಒರಿಜಿನಲ್. ಫೋನಿನಲ್ಲಿರುವ ಫೋಟೋ ನಡೆಯಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಒಮ್ಮೆ, ಬೆಳಿಗ್ಗೆ ಕೋಚ್ ಹೊರಡುವ ಮುಂಚೆ ಕೈಯೆತ್ತಿ ತೋರಿಸಿ ಅಂತ ಇನ್ನೊಮ್ಮೆ ಹೇಳಿ. ಚಕ್ಕುಲಿ ಡಬ್ಬಿಯ ಪಕ್ಕದಲ್ಲಿ ಹಣ್ಣು ಹೆಚ್ಚುವ ಚಾಕು ಇದ್ದೇ ಇರುತ್ತದೆ, ಅದು ಕೋಚ್‌ನಲ್ಲೇ ಇರಲಿ.

ಒಳಗೆ ಹೋದ ಮೇಲೆ ಗೈಡ್‌ಗೆ ಹೆಚ್ಚು ಕೆಲಸವಿಲ್ಲ. ನಾರ್ಮನ್ ಫಾಸ್ಟರ್ ವಿನ್ಯಾಸದ ಗುಮ್ಮಟ 1999ರದ್ದು. ಸುರುಳಿ ದಾರಿಯಲ್ಲಿ ಹತ್ತುತ್ತಾ ಹೋದಂತೆ ಆಡಿಯೋ ಗೈಡ್ ತಾನೇ ಮಾತಾಡುತ್ತದೆ, ಸುಮಾರು 20 ನಿಮಿಷ. ಸ್ವಚ್ಛತೆ, ರಿಪೇರಿಗೆಂದು ಗುಮ್ಮಟ ಮುಚ್ಚಿರುವ ದಿನಗಳಿರುತ್ತವೆ. ಆಗ ಟೆರೇಸ್‌ವರೆಗೆ ಮಾತ್ರ. ಬುಕ್ ಮಾಡುವಾಗಲೇ ಆ ತಾರೀಖುಗಳನ್ನು ನೋಡಿಕೊಳ್ಳಿ.

ಗೈಡ್‌ಬುಕ್ ಹಳೆಯದಾದರೆ ಇನ್ನೂ ಫಜೀತಿ. ಟೇಗಲ್ ವಿಮಾನ ನಿಲ್ದಾಣ 2020ರ ನವೆಂಬರ್‌ನಲ್ಲೇ ಮುಚ್ಚಿದೆ. ಈಗಿನ ನಿಲ್ದಾಣ ಬಿಇಆರ್ ಇರುವುದು ನಗರ ಸಾರಿಗೆಯ ಸಿ ಜೋನ್‌ನಲ್ಲಿ, ಎ ಮತ್ತು ಬಿ ಜೋನ್‌ಗಳ ಎಬಿ ಟಿಕೆಟ್ ಸಾಲದು. ಪೆರ್ಗಾಮನ್ ಮ್ಯೂಸಿಯಂ ದುರಸ್ತಿಗೆಂದು 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಬಾಗಿಲು ಹಾಕಿತು. ಆಮೇಲೂ ನಮ್ಮ ಬ್ರೋಷರ್‌ನಲ್ಲಿ ಅದರ ಬಣ್ಣದ ಫೋಟೋ ಹಾಗೇ ಇತ್ತು. ತೆಗೆಯಿರಿ ಅಂತ ಇಮೇಲ್ ಹಾಕಿದರೆ ಮಾರ್ಕೆಟಿಂಗ್‌ನಿಂದ ಬಂದ ಉತ್ತರ: ‘ಮುಂದಿನ ಪ್ರಿಂಟ್‌ನಲ್ಲಿ ನೋಡೋಣ.’