ಇಂಜಿನಿಯರ್ ಮಗನ ಕೈಯಲ್ಲಿ ಪಾನಾ

ಸೆಪ್ಟೆಂಬರ್ 15 ಬಂತೆಂದರೆ ಕಲಬುರಗಿಯಿಂದ ಅಪ್ಪನ ಕರೆ ಬಂದೇ ಬರುತ್ತದೆ. ನನ್ನ ಹುಟ್ಟುಹಬ್ಬ ಮರೆತಾರು, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ಮರೆಯುವವರಲ್ಲ ಈ ನಿವೃತ್ತ ಮುಖ್ಯೋಪಾಧ್ಯಾಯರು. "ಇಂಜಿನಿಯರ್ ಸಾಹೇಬರಿಗೆ ಶುಭಾಶಯ" ಎಂದು ಆರಂಭಿಸಿ, ಕೃಷ್ಣರಾಜಸಾಗರದ ಬಗ್ಗೆ ನಾಲ್ಕು ಮಾತು, ನನ್ನ ತೂಕದ ಬಗ್ಗೆ ಎರಡು ಮಾತು ಆಡಿ ಫೋನ್ ಇಡುತ್ತಾರೆ. ಈ ಸಲ ವಿಡಿಯೊ ಕರೆ ಎತ್ತಿಕೊಂಡವಳು ಮಗಳು. ಮುತ್ಯಾ ಅಪ್ಪನನ್ನು ಕೇಳಿದರೆಂದು ಅವಳು ಫೋನನ್ನು ನೇರ ಗ್ಯಾರೇಜಿಗೆ ತಂದು, ಕಾರಿನ ಕೆಳಗೆ ಮಲಗಿದ್ದ ನನ್ನ ಮುಖಕ್ಕೆ ಹಿಡಿದಳು.

ಮೂಗಿನ ಮೇಲೆ ಗ್ರೀಸ್, ಹಣೆಗೆ ಟಾರ್ಚು, ಕೈಯಲ್ಲಿ ಹತ್ತು-ಹನ್ನೊಂದರ ಪಾನಾ. ಅಪ್ಪ ಮೊದಲು ಗಾಬರಿಯಾದರು. ಏನಿಲ್ಲ, ಗಾಡಿ ರಿಪೇರಿ ಎಂದೆ. "ಯಾಕೆ, ಅಲ್ಲಿ ಮಿಸ್ತ್ರಿಗಳು ಸಿಗುವುದಿಲ್ಲವೇ?" ಸಿಗುತ್ತಾರೆ ಎಂದೆ. "ಸಂಬಳ ಸರಿಯಾಗಿ ಬರುತ್ತಿದೆ ತಾನೇ?" ಬರುತ್ತಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನಪ್ಪ?" ಎಂದರು. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಮಗಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು: "ಮುತ್ಯಾ, ಹಾಗಾದರೆ ಇಂಜಿನಿಯರ್ ಆದವರು ಏನು ಮಾಡುತ್ತಾರೆ?"

"ಇಂಜಿನಿಯರ್ ಆದವರು ಮಾಡಿಸುತ್ತಾರವ್ವ."

"ಮಾಡುವುದಕ್ಕೇ ಬಾರದಿದ್ದರೆ ಹೇಗೆ ಮಾಡಿಸುತ್ತಾರೆ?"

ಅಲ್ಲಿ ಕರೆಂಟ್ ಹೋಯಿತೋ, ನೆಟ್‌ವರ್ಕ್ ಹೋಯಿತೋ, ಕರೆ ಕಡಿಯಿತು. ಅಪ್ಪನೇ ಇಟ್ಟರೆಂಬ ಗುಮಾನಿ ನನಗಿದೆ.

ಗಾಡಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಪ್ಪನಂತೆ ನಿಮಗೂ ನನ್ನ ಸಂಬಳದ ಮೇಲೆ ಅನುಮಾನ ಬಂದೀತು. ಅದು 1986ರ ವೋಲ್ವೊ 240. ನಾವಿರುವ ಸ್ವೀಡನ್ನಿನ ಗೋಥೆನ್‌ಬರ್ಗ್ ಆ ಕಂಪನಿಯ ತವರು. 1974ರಿಂದ 1993ರವರೆಗೆ ತಯಾರಾದ ಈ ಚೌಕು ಚೌಕಾದ ಕಾರು ಇಲ್ಲಿ ಇಂದಿಗೂ ರಸ್ತೆಯ ಮೇಲೆ ಕಾಣಸಿಗುತ್ತದೆ. ತಗಡು ಗಟ್ಟಿ, ಇಂಜಿನ್ ಇನ್ನೂ ಗಟ್ಟಿ. ಆದರೆ ಎಂಬತ್ತರ ದಶಕದ ಗಾಡಿಗಳಿಗೆ ಒಂದು ಶಾಪವಿದೆ: ಇಂಜಿನ್ ಭಾಗದ ವೈರುಗಳ ಹೊದಿಕೆ. ಕಾವಿಗೆ ಒಣಗಿ ಒಣಗಿ, ಮುಟ್ಟಿದರೆ ವಾರದ ಹಿಂದಿನ ಖಡಕ್ ರೊಟ್ಟಿಯಂತೆ ಮುರಿದು ಉದುರುತ್ತದೆ. ಒಳಗಿನ ತಾಮ್ರ ಬತ್ತಲೆ. ನನಗೆ ಸಿಕ್ಕ ಗಾಡಿಯಲ್ಲಿ ಎರಡು ವೈರುಗಳು ಒಂದನ್ನೊಂದು ತಾಗಿ ಫ್ಯೂಸ್ ಸುಡುತ್ತಿದ್ದವು. ಅದಕ್ಕೇ ಅಗ್ಗಕ್ಕೆ ಸಿಕ್ಕಿತು.

ಹೇಗಿದ್ದರೂ ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಎಳೆಯಬೇಕು. ಹಾಗಿದ್ದ ಮೇಲೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆಯ ಕಾರ್ಬುರೇಟರನ್ನು ಮಾತ್ರ ಯಾಕೆ ಉಳಿಸಿಕೊಳ್ಳಬೇಕು ಎಂಬ ದುರಾಸೆ ಹುಟ್ಟಿತು. ಗುಜರಿಯಲ್ಲಿ ಅದೇ ಇಂಜಿನ್ನಿನ ಇಂಜೆಕ್ಷನ್ ಮಾದರಿಯ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆ, ಸಿಕ್ಕಿತು. ವಿದ್ಯುತ್ ಪಂಪು, ಪೆಟ್ರೋಲು ಚಿಮ್ಮಿಸುವ ನಾಲ್ಕು ಇಂಜೆಕ್ಟರು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಜಾಗಕ್ಕೆ ಕಿಡಿ ಹುಟ್ಟಿಸುವ ಕಾಯಿಲ್‌ಗಳು. ಇವನ್ನೆಲ್ಲ ಆಳಲು ಒಂದು ಪುಟ್ಟ ಗಣಕ ಬೇಕು. ಅದಕ್ಕೆ ಸ್ಪೀಡುಯಿನೊ ಎಂಬ ಮುಕ್ತ ವಿನ್ಯಾಸವಿದೆ. ಯಾರು ಬೇಕಾದರೂ ನಕ್ಷೆ ತೆಗೆದುಕೊಂಡು ಬೆಸುಗೆ ಹಾಕಿಕೊಳ್ಳಬಹುದು. ವಿದ್ಯಾರ್ಥಿಗಳು ಪ್ರಯೋಗಕ್ಕೆ ಬಳಸುವ ಆರ್ಡುಯಿನೊ ಮೆಗಾ ಎಂಬ ಹಲಗೆಯೇ ಅದರ ಮೆದುಳು.

ಅದರ ಕೆಲಸ ಕೇಳಲು ಸರಳ. ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಪುಲ್ಲಿಗೆ ಒಂದು ಹಲ್ಲಿನ ಚಕ್ರ ಕೂರಿಸಿದ್ದೇನೆ. 36 ಹಲ್ಲುಗಳ ಜಾಗ, ಹತ್ತು ಡಿಗ್ರಿಗೊಂದು, ಅದರಲ್ಲಿ ಒಂದು ಬೇಕೆಂದೇ ಖಾಲಿ. ಎದುರಿಗಿರುವ ಸೆನ್ಸರ್ ಹಲ್ಲುಗಳನ್ನು ಎಣಿಸುತ್ತದೆ. ಬೋಡು ಜಾಗ ಹಾದುಹೋದಾಗ ಪಿಸ್ಟನ್ ಎಲ್ಲಿದೆ ಎಂದು ಗಣಕಕ್ಕೆ ಗೊತ್ತಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಎಷ್ಟು, ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ನೋಡಿ, ಅಡ್ಡ 16, ಉದ್ದ 16 ಮನೆಗಳ ಒಂದು ಕೋಷ್ಟಕದಿಂದ ಅಂಕಿ ತೆಗೆದು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಲೆಕ್ಕ ಹಾಕುತ್ತದೆ. ಮೂರು ಸಾವಿರ ಸುತ್ತಿನಲ್ಲಿ ಓಡುವ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸೆಕೆಂಡಿಗೆ ನೂರು ಸಲ ಬೆಂಕಿ ಹೊತ್ತಬೇಕು. ಲೆಕ್ಕ ತಪ್ಪುವಂತಿಲ್ಲ.

ಇಲ್ಲಿ ಇಂಥ ಕೆಲಸ ಮಾಡುವವನು ನಾನೊಬ್ಬನೇ ಅಲ್ಲ. ಪಕ್ಕದ ಮನೆಯ ದಂತವೈದ್ಯರು ತಮ್ಮ ಕಾರಿನ ಬ್ರೇಕ್ ಪ್ಯಾಡುಗಳನ್ನು ತಾವೇ ಬದಲಿಸುತ್ತಾರೆ. ಕನೆಕ್ಟರುಗಳಿಂದ ಹಳೆಯ ಪಿನ್ನು ಕೀಳಲು ನಾನು ಒದ್ದಾಡುವುದನ್ನು ಕಂಡು, ಒಳಗೆ ಹೋಗಿ ಹಲ್ಲು ಕೆರೆಯುವ ಸವೆದ ಕಡ್ಡಿಗಳ ಕಟ್ಟೊಂದನ್ನು ತಂದುಕೊಟ್ಟರು. ಅಷ್ಟು ಹೇಳಿ ಮಾಡಿಸಿದ ಸಾಧನ ಯಾವ ಅಂಗಡಿಯಲ್ಲೂ ಸಿಗದು. ಇದನ್ನು ಓದಿ ಇಲ್ಲಿಯವರೆಲ್ಲ ಶ್ರಮಕ್ಕೆ ಕೈಮುಗಿಯುವ ಮಹಾತ್ಮರೆಂದು ತಿಳಿಯಬೇಡಿ. ಗ್ಯಾರೇಜಿನವರು ಗಂಟೆಗೆ ಕೇಳುವ ಕೂಲಿ ನೋಡಿದರೆ ಎಂಥ ಸೋಮಾರಿಗೂ ಪಾನಾ ಹಿಡಿಯುವ ಉತ್ಸಾಹ ಬರುತ್ತದೆ. ಆದರೆ ಒಂದು ಮಾತು ನಿಜ: ಮರ, ಲೋಹ, ಬಟ್ಟೆಯ ಕೆಲಸ ಇಲ್ಲಿನ ಶಾಲೆಯಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಕಡ್ಡಾಯ ಪಾಠ. ನನ್ನ ಮಗಳು ಬೆಣ್ಣೆ ಸವರುವ ಮರದ ಚಾಕು ಕೆತ್ತಿ ಅಂಕ ಪಡೆದಿದ್ದಾಳೆ. ಅವಳ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಕೆಲಸ ಮಾಡುವವರು ಬೇರೆ, ಓದಿದವರು ಬೇರೆ ಎಂಬ ಪಾಠ ಅವಳಿಗೆ ಇನ್ನೂ ಆಗಿಲ್ಲ, ಅಷ್ಟೆ.

ನನಗೆ ಆಗಿತ್ತು. ಕಲಬುರಗಿಯ ಗಂಜ್ ಹಿಂದಿನ ಓಣಿಯ ಗ್ಯಾರೇಜಿನಲ್ಲಿ ಆಗಿತ್ತು.

ಅಪ್ಪನ ಬಳಿ ಪ್ರೀಮಿಯರ್ ಪದ್ಮಿನಿ ಇತ್ತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಫಿಯೆಟ್‌ನವರ ವಿನ್ಯಾಸದ, 1089 ಸಿಸಿ ಇಂಜಿನ್ನಿನ, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಹಿಡಿಯಿದ್ದ ಕಾರು. ಎರಡನೆಯ ಕೈ ಗಾಡಿ, ಮಾಸ್ತರರ ಸಂಬಳಕ್ಕೆ ಅದೇ ಐಶ್ವರ್ಯ. ಮೇ ತಿಂಗಳಲ್ಲಿ ಸೇಡಂ ರಸ್ತೆ ಹಿಡಿದರೆ ಎಲ್ಲೋ ಒಂದು ಕಡೆ ಅದು ನಿಲ್ಲುವುದು ಖಂಡಿತ. ನಮ್ಮ ಕಡೆಯ ಬಿಸಿಲಿಗೆ ಇಂಜಿನ್ನಿನ ಕಾವೂ ಸೇರಿ ಪಂಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ, ಆವಿಯನ್ನು ಪಂಪು ಎಳೆಯಲಾರದು. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬೇವಿನ ನೆರಳಿನಲ್ಲಿ ಕೂತು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿನ್ನುವುದು ನಮ್ಮ ಪ್ರವಾಸದ ಒಂದು ಅಂಗವೇ ಆಗಿತ್ತು. ಗೋಥೆನ್‌ಬರ್ಗಿನಲ್ಲಿ ನನ್ನ ಕಷ್ಟ ಇದಕ್ಕೆ ತಿರುವುಮುರುವು: ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲು ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ, ಅದಕ್ಕೆ ಹೆಚ್ಚುವರಿ ಸುರಿಯುವಂತೆ ಗಣಕಕ್ಕೆ ಹೇಳಿಕೊಡಬೇಕು.

ಒದ್ದೆ ಬಟ್ಟೆಗೆ ಬಗ್ಗದ ರೋಗವಿದ್ದರೆ ಆ ಗ್ಯಾರೇಜಿನ ಮಿಸ್ತ್ರಿ ಉಸ್ತಾದರೇ ಗತಿ. ಅವರು ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಬಿಚ್ಚಿ, ಉಜ್ಜಿ, ಅರ್ಧ ಮಿಲಿಮೀಟರಿನೊಳಗಿನ ಆ ಸಂದಿಯನ್ನು ಸಿಗರೇಟು ಪ್ಯಾಕಿನ ರಟ್ಟಿನಿಂದ ಅಳೆಯುತ್ತಿದ್ದರು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದರು: ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಚಹಾದ ಬಣ್ಣಕ್ಕಿದ್ದರೆ ಸರಿ. ನನ್ನ ಸೈಲೆನ್ಸರಿನ ಕೊಳವೆಗೆ ಚುಚ್ಚಿರುವ ಆಮ್ಲಜನಕದ ಸೆನ್ಸರ್ ಹೇಳುವುದೂ ಅದನ್ನೇ, ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಇದೆಯೇ ಇಲ್ಲವೇ ಎಂಬುದನ್ನು. ಅದು ದಶಾಂಶ ಸಮೇತ ಹೇಳುತ್ತದೆ. ಉಸ್ತಾದರು ಮೀಸೆ ಸಮೇತ ಹೇಳುತ್ತಿದ್ದರು. ಬೀದರಿನಲ್ಲಿ ಬಿದ್ರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಸತು ತಾಮ್ರದ ಪಾತ್ರೆಯನ್ನು ಅದು ಕಪ್ಪಾಗಿಸುತ್ತದೆಯೇ ಎಂದು ಹೇಳಬಲ್ಲರು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಅಪ್ಪ ಪತ್ರಿಕೆಯ ತುಣುಕನ್ನು ನನಗೆ ಕಳಿಸಿ ಹೆಮ್ಮೆಪಟ್ಟರು. ಪ್ಲಗ್ಗಿನ ಬಣ್ಣ ಓದುವ ವಿದ್ಯೆಗೆ ಶಾಲು ಹೊದಿಸುವ ಪದ್ಧತಿ ಇಲ್ಲ. ಶಾಲಿನ ಮಾತು ಹಾಗಿರಲಿ, ನಮ್ಮ ಮನೆಗೆ ಬಂದಾಗ ಉಸ್ತಾದರ ಚಹಾ ಅಂಗಳಕ್ಕೇ ಹೋಗುತ್ತಿತ್ತು.

ನಾನು ಪಾನಾ ಎತ್ತಿಕೊಡಲು ಹೋದರೆ ಇಬ್ಬರೂ ಬೈಯುತ್ತಿದ್ದರು. "ಕೈ ಹೊಲಸು ಮಾಡಿಕೊಳ್ಳಬೇಡ, ಹೋಗಿ ಓದು" ಎಂದು ಅಪ್ಪ. "ಮಾಸ್ತರರ ಮಗ ಇಂಜಿನಿಯರ್ ಆಗಬೇಕು, ಇದು ನಮ್ಮಂಥವರ ಕೆಲಸ" ಎಂದು ಉಸ್ತಾದ. ಅವರ ಮಾತೇ ನನಗೆ ಹೆಚ್ಚು ಚುಚ್ಚುತ್ತದೆ, ಈಗ. ಮುಂದೆ ನಾನು ಇಂಜಿನಿಯರಿಂಗ್ ಸೇರಿದೆ. ಕಾಯಿಲ್, ಕಂಡೆನ್ಸರ್, ಪಾಯಿಂಟ್ ಎಲ್ಲವನ್ನೂ ಸ್ಕೇಲ್ ಇಟ್ಟು ಚಿತ್ರ ಬರೆದು, ಹೆಸರು ಗುರುತಿಸಿ ಹತ್ತಕ್ಕೆ ಒಂಬತ್ತು ಅಂಕ ಪಡೆದೆ. ವರ್ಕ್‌ಶಾಪ್ ಎಂದರೆ ಒಂದು ಕಬ್ಬಿಣದ ತುಂಡಿಗೆ ಅರ ಹಾಕುವುದು. ಅದನ್ನೂ ಅಟೆಂಡರ್ ಕೈಗೆ ಸ್ವಲ್ಪ ದುಡ್ಡಿಟ್ಟು ಮಾಡಿಸಿಕೊಳ್ಳುವವರಿದ್ದರು. ಅಪ್ಪನ ಅರ್ಥದಲ್ಲಿ ಅವರೇ ನಿಜವಾದ ಇಂಜಿನಿಯರುಗಳು.

ತಮಾಷೆಯೆಂದರೆ, ಅಪ್ಪನ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದ ಮಾತು "ಕಾಯಕವೇ ಕೈಲಾಸ". ಪ್ರತಿ ಬಸವ ಜಯಂತಿಗೆ ಅವರ ಭಾಷಣ ಕೇಳಲು ಚೆಂದ. ಮಾದಾರ ಚೆನ್ನಯ್ಯ, ಮೇದರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಎಲ್ಲರೂ ಬರುತ್ತಿದ್ದರು. ಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ, ಬೀದರ ಜಿಲ್ಲೆಯ ಬಸವಕಲ್ಯಾಣ. ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ತೋರಿಸಿದ್ದೂ ಉಂಟು. ಹನ್ನೆರಡನೆಯ ಶತಮಾನದ ದುಡಿಮೆಗಾರರಾದರೆ ನಮಗೆ ಬಹಳ ಗೌರವ. ಅಪ್ಪನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಸೈಕಲ್ಲಿನಲ್ಲಿ ಶಾಲೆಗೆ ಹೋಗಿ, ಸಾಲ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದ ಮನುಷ್ಯನಿಗೆ ಮಗ ಮತ್ತೆ ನೆಲದ ಮೇಲೆ ಅಂಗಾತ ಮಲಗಿದ್ದನ್ನು ಕಂಡರೆ ಏನೆನಿಸಬೇಕು? ಅವರು ಏರಿಸಿದ ಮೆಟ್ಟಿಲನ್ನು ನಾನು ಹವ್ಯಾಸಕ್ಕಾಗಿ ಇಳಿಯುತ್ತಿದ್ದೇನೆ. ಹವ್ಯಾಸಕ್ಕೆ ಇಳಿಯುವುದು ಸುಲಭ. ಬೇಸರವಾದರೆ ಕೈ ತೊಳೆದು ಕಚೇರಿಗೆ ಹೋಗಬಹುದು. ಉಸ್ತಾದರಿಗೆ ಆ ಸೌಕರ್ಯ ಇರಲಿಲ್ಲ.

ಕಾರು ಸ್ಟಾರ್ಟ್ ಆಯಿತು, ಆದರೆ ಮೂರು ಸಾವಿರ ಸುತ್ತು ದಾಟಿದೊಡನೆ ಮುಗ್ಗರಿಸುತ್ತಿತ್ತು. ಗಣಕ ಹಲ್ಲುಗಳ ಲೆಕ್ಕ ತಪ್ಪುತ್ತಿತ್ತು. ಸೆನ್ಸರ್ ಬದಲಿಸು ಎಂದರು ದಂತವೈದ್ಯರು. ಹಲ್ಲಿನ ವಿಷಯವೆಂದು ಅವರಿಗೆ ಅಧಿಕಾರವಾಣಿ. ನನಗೆ ನೆನಪಾದದ್ದು ಎರಡು ವೈರು, ಒಂದು ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದ ಉಸ್ತಾದರು. ಯಾವ ರೋಗಕ್ಕೆ ಕರೆದರೂ ಅವರ ಮೊದಲ ಮಾತು ಒಂದೇ: "ಮೊದಲು ಅರ್ಥಿಂಗ್ ನೋಡೋಣ ಮಾಸ್ತರ್ ಸಾಬ್." ನೋಡಿದೆ. ಸೆನ್ಸರ್ ತಂತಿಯ ಮೇಲಿನ ಲೋಹದ ಕವಚ ಎರಡೂ ತುದಿಯಲ್ಲಿ ಅರ್ಥ್ ಆಗಿತ್ತು. ಹಾಗಾದರೆ ಆ ಕವಚದಲ್ಲೇ ವಿದ್ಯುತ್ ಹರಿದು, ಕಾಯಿಲ್ಲಿನ ಗದ್ದಲವೆಲ್ಲ ಸೆನ್ಸರಿನ ದನಿಗೆ ಬೆರೆಯುತ್ತದೆ. ಗಣಕದ ಕಡೆಯ ತುದಿಯನ್ನಷ್ಟೇ ಉಳಿಸಿ ಇನ್ನೊಂದನ್ನು ಕತ್ತರಿಸಿದೆ. ಇಂಜಿನ್ ಸುಸೂತ್ರವಾಗಿ ಏರಿತು.

ಇಷ್ಟಾದರೂ ನಿಧಾನ ವೇಗದಲ್ಲಿ ಒಂದು ಕಡೆ ಸಣ್ಣ ತೊದಲು ಉಳಿದಿತ್ತು. ಅಷ್ಟರಲ್ಲಿ ಮಗಳು ನನಗೆ ತಿಳಿಸದೆ ಮುತ್ಯಾನಿಗೆ ಆ ಕೋಷ್ಟಕದ ಚಿತ್ರ ಕಳಿಸಿದ್ದಳು, ಇಂಜಿನಿಯರ್ ಏನು ಮಾಡುತ್ತಾನೆಂದು ತೋರಿಸಲು. ಮರುದಿನ ಅಪ್ಪನ ಕರೆ ಬಂತು. ಗ್ಯಾರೇಜಿನ ಮಾತೇ ಇಲ್ಲ. "ನಿನ್ನ ಪಟ್ಟಿಯಲ್ಲಿ ಐದನೆಯ ಸಾಲು ನೋಡು. 62, 64, ಆಮೇಲೆ 26, ಆಮೇಲೆ 68. ನಡುವೆ 26 ಹೇಗೆ ಬರುತ್ತದೆ? ಅದು 66 ಇರಬೇಕು." ಜೀವಮಾನವೆಲ್ಲ ಅಂಕಪಟ್ಟಿ ತಿದ್ದಿದ ಕಣ್ಣು! ಓಡುವ ಗಾಡಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಕಿ ಒತ್ತುತ್ತಿದ್ದವಳು ಮಗಳು. ಅವಳು ನಾಲಿಗೆ ಕಚ್ಚಿಕೊಂಡಳು. ತಿದ್ದಿದೆವು. ತೊದಲು ಹೋಯಿತು.

"ನೋಡಿ ಅಪ್ಪ, ನೀವೂ ಕಾರು ರಿಪೇರಿ ಮಾಡಿದಿರಿ" ಎಂದೆ.

"ಛೆ, ಇದು ಲೆಕ್ಕದ ಕೆಲಸ" ಎಂದರು.

ಈಗ ದಿನ ಬಿಟ್ಟು ದಿನ ಹೊಸ ಪಟ್ಟಿ ಕೇಳುತ್ತಾರೆ. ಕನ್ನಡಕ ಬದಲಿಸಿದ್ದಾರೆ. ಕಳೆದ ವಾರ ತಂಗಿ ಫೋನ್ ಮಾಡಿ ನಗುತ್ತ ವರದಿ ಒಪ್ಪಿಸಿದಳು: ಯಾದಗಿರಿಯಲ್ಲಿ ಒಂದು ಮದುವೆ, ಬೀಗರ ಸಾಲಿನಲ್ಲಿ ಯಾರೋ ನನ್ನನ್ನು ವಿಚಾರಿಸಿದರಂತೆ. ಅಪ್ಪ ಗಂಟಲು ಸರಿಮಾಡಿಕೊಂಡು, "ಹಳೆಯ ವಾಹನಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ, ಅಂಕಿಅಂಶದ ಭಾಗವನ್ನು ನಾನೇ ನೋಡಿಕೊಳ್ಳುತ್ತೇನೆ" ಎಂದರಂತೆ. ಅದನ್ನು ಕೇಳಿಸಿಕೊಂಡ ಒಬ್ಬರು, ತಮ್ಮ ಮಗನಿಗೂ ಅಂಥದೇ ಸಂಶೋಧನೆಗೆ ಸ್ವೀಡನ್ನಿನಲ್ಲಿ ಸೀಟು ಸಿಗಬಹುದೇ ಎಂದು ನನ್ನ ನಂಬರ್ ಬರೆದುಕೊಂಡಿದ್ದಾರೆ. ಹುಡುಗ ಕರೆ ಮಾಡಿದರೆ ಮೊದಲು ಮಗಳೇ ಮಾತಾಡುತ್ತಾಳಂತೆ. ಸಂದರ್ಶನಕ್ಕೆ ಪ್ರಶ್ನೆಪತ್ರಿಕೆ ಸಿದ್ಧವಿದೆ: ಪ್ಲಗ್ಗಿಗೆ ಮಸಿ ಹಿಡಿದರೆ ಅರ್ಥವೇನು, ಹತ್ತು-ಹನ್ನೊಂದರ ಪಾನಾ ಯಾವುದು, ತೋರಿಸು.